ಉಳಿದುದು ಬೂದಿಯೋ, ಬೇರೋ?

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ಹಾದಿಯ ಇಕ್ಕೆಲಗಳಲ್ಲಿಯೂ, ಚಾಮರಾಜನಗರಕ್ಕೆ ಪೂರ್ವದಲ್ಲಿರುವ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿಯೂ ಲಂಟಾನದ ಪೊದೆಗಳನ್ನು ಕಾಣದವರು ವಿರಳ. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಬಂದ ಈ ಪೊದೆ ಇಂದು ಕಾಡನ್ನೂ ಹೊಲದ ಬದುಗಳನ್ನೂ ಆಕ್ರಮಿಸಿಕೊಂಡಿದೆ. ತನ್ನ ಬದುವಿನ ಮೇಲಿನ ಲಂಟಾನವನ್ನು ಕಡಿದು ಸುಟ್ಟ ರೈತನು ಕಪ್ಪಾದ ನೆಲವನ್ನು ನೋಡಿ “ಇನ್ನು ತೀರಿತು” ಎಂದು ಸುಮ್ಮನಾಗುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮತ್ತೊಮ್ಮೆ ಬಂದು ನೋಡುತ್ತಾನೆ. ಬೂದಿಯ ನಡುವೆ ಹಸುರು ಚಿಗುರೊಂದು ತಲೆಯೆತ್ತಿದ್ದರೆ ಬೇರು ಸತ್ತಿಲ್ಲವೆಂದು ತಿಳಿದು ಗುದ್ದಲಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಸುಟ್ಟ ನೆಲ ಎಷ್ಟು ಅಗಲವಾಗಿದೆ ಎಂಬುದು ಅವನ ಪ್ರಶ್ನೆಯಲ್ಲ. ನೀರನ್ನು ಹೀರಬಲ್ಲ ಬೇರು ಒಳಗೆ ಉಳಿದಿದೆಯೆ ಎಂಬುದೇ ಅವನ ಪ್ರಶ್ನೆ.

ಕ್ಯಾನ್ಸರಿನ ಚಿಕಿತ್ಸೆ ನಡೆದ ಮೇಲೆ ವೈದ್ಯನ ಮುಂದೆ ನಿಲ್ಲುವ ಪ್ರಶ್ನೆಯೂ ಇದೇ. ಗಡ್ಡೆಯಿದ್ದ ಸ್ಥಳದಲ್ಲಿ ಈಗ ಕಾಣುತ್ತಿರುವುದು ಸತ್ತ ಮಾಂಸವೋ, ಅಥವಾ ಅದರ ನಡುವೆ ಜೀವಂತ ಗಡ್ಡೆಯ ತುಣುಕೊಂದು ಅಡಗಿದೆಯೋ? ಈ ಪ್ರಶ್ನೆಗೆ ಉತ್ತರ ಹೇಳಲು ವೈದ್ಯಶಾಸ್ತ್ರವು ಕಂಡುಕೊಂಡಿರುವ ಉಪಾಯಗಳಲ್ಲಿ ಒಂದು, ರಕ್ತದೊಳಕ್ಕೆ ಅತಿ ಸೂಕ್ಷ್ಮವಾದ ಅನಿಲದ ಗುಳ್ಳೆಗಳನ್ನು ಸೇರಿಸಿ ಅಲ್ಟ್ರಾಸೌಂಡ್ ಯಂತ್ರದಿಂದ ನೋಡುವುದು. ಈ ಉಪಾಯದ ವಿಜ್ಞಾನವನ್ನು ವಿವರಿಸುವುದು ಪ್ರಸ್ತುತ ಲೇಖನದ ಒಂದು ಉದ್ದೇಶ. ಇಂಥ ಪರೀಕ್ಷೆಯು ಚಾಮರಾಜನಗರದಂತಹ ಜಿಲ್ಲೆಯ ರೋಗಿಗಳಿಗೆ ತಮ್ಮ ಜಿಲ್ಲೆಯಲ್ಲಿಯೇ ದೊರೆಯಬೇಕು ಎಂದು ವಾದಿಸುವುದು ಇನ್ನೊಂದು ಉದ್ದೇಶ.

ಮೊದಲು ಚಿಕಿತ್ಸೆಯ ವಿಚಾರ. ಯಕೃತ್ತಿನಲ್ಲಿ, ಎಂದರೆ ಶಾಲೆಯ ಪುಸ್ತಕಗಳು ಪಿತ್ತಜನಕಾಂಗವೆಂದು ಕರೆಯುವ ಅಂಗದಲ್ಲಿ, ಚಿಕ್ಕದೊಂದು ಕ್ಯಾನ್ಸರ್ ಗಡ್ಡೆ ಹುಟ್ಟಿದೆಯೆಂದು ಭಾವಿಸೋಣ. ಅದನ್ನು ಕೊಯ್ದು ತೆಗೆಯುವುದು ಎಲ್ಲ ರೋಗಿಗಳಲ್ಲಿಯೂ ಸಾಧ್ಯವಾಗುವುದಿಲ್ಲ. ಯಕೃತ್ತು ಮೊದಲೇ ಮದ್ಯಪಾನದಿಂದಲೋ ಹೆಪಟೈಟಿಸ್ ವೈರಸ್ಸಿನಿಂದಲೋ ಗಂಟುಗಂಟಾಗಿ ಸೊರಗಿದ್ದರೆ ಶಸ್ತ್ರಕ್ರಿಯೆಯನ್ನು ಅದು ತಾಳಲಾರದು. ಅಂಥಲ್ಲಿ ವೈದ್ಯರು ಚರ್ಮದ ಮೂಲಕ ಒಂದು ಸೂಜಿಯನ್ನು ಗಡ್ಡೆಯೊಳಕ್ಕೆ ತೂರಿಸಿ, ರೇಡಿಯೋ ಆವೃತ್ತಿಯ ವಿದ್ಯುತ್ತಿನಿಂದಾಗಲಿ ಮೈಕ್ರೋವೇವ್ ತರಂಗಗಳಿಂದಾಗಲಿ ಅದನ್ನು ಕಾಯಿಸುತ್ತಾರೆ. ೬೦ ಡಿಗ್ರಿ ಸೆಂಟಿಗ್ರೇಡಿಗೆ ಮೇಲೇರಿದ ಉಷ್ಣತೆಯಲ್ಲಿ ಜೀವಕೋಶಗಳು ಕ್ಷಣಮಾತ್ರದಲ್ಲಿ ಸಾಯುತ್ತವೆ. ಗಡ್ಡೆ ದೊಡ್ಡದಾಗಿದ್ದರೆ ಅದಕ್ಕೆ ರಕ್ತವನ್ನು ತರುವ ಧಮನಿಯೊಳಕ್ಕೆ ಔಷಧವನ್ನು ಹರಿಸಿ, ಆಮೇಲೆ ಆ ಧಮನಿಯನ್ನೇ ಮುಚ್ಚಿಬಿಡುವ ಕ್ರಮವೂ ಉಂಟು.

ಈ ಚಿಕಿತ್ಸೆಗಳಲ್ಲಿ ಗಡ್ಡೆಯನ್ನು ಹೊರಕ್ಕೆ ತೆಗೆಯುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಅದನ್ನು ಇದ್ದಲ್ಲಿಯೇ ಕೊಲ್ಲಲಾಗುತ್ತದೆ. ಅಷ್ಟೇ ಅಲ್ಲ, ಸುಡುವಾಗ ಗಡ್ಡೆಯ ಸುತ್ತಲಿನ ಆರೋಗ್ಯವಂತ ಭಾಗವನ್ನೂ ೫ರಿಂದ ೧೦ ಮಿಲಿಮೀಟರಿನಷ್ಟು ಸೇರಿಸಿ ಸುಡುತ್ತಾರೆ. ಅಂಚಿನಲ್ಲಿ ಕಣ್ಣಿಗೆ ಕಾಣದ ಕೋಶಗಳು ಉಳಿಯಬಾರದಲ್ಲವೆ? ಇದರಿಂದ ಒಂದು ವಿಚಿತ್ರ ಪರಿಣಾಮ ಒದಗುತ್ತದೆ. ಚಿಕಿತ್ಸೆ ಪೂರ್ಣವಾಗಿ ಯಶಸ್ವಿಯಾಗಿದ್ದರೂ, ಮರುದಿನ ಅಳತೆ ಮಾಡಿದರೆ ಆ ಸ್ಥಳದ ಕಲೆ ಮೊದಲಿನ ಗಡ್ಡೆಗಿಂತ ದೊಡ್ಡದಾಗಿಯೇ ಕಾಣುತ್ತದೆ! ೨೦ ಮಿಲಿಮೀಟರಿನ ಗಡ್ಡೆ ಇದ್ದೆಡೆ ೩೫ ಮಿಲಿಮೀಟರಿನ ಕಲೆ ಕಂಡು, ವರದಿಯನ್ನು ಓದಿದ ಮನೆಯವರು ರೋಗ ಉಲ್ಬಣಿಸಿತೆಂದು ಎದೆಗುಂದಬಹುದು. ಇದಕ್ಕೆ ವಿರುದ್ಧವಾಗಿ, ಕಲೆ ತಿಂಗಳುಗಟ್ಟಲೆ ಕುಗ್ಗುತ್ತ ಬರುತ್ತಿರುವಾಗಲೇ ಅದರ ಒಂದು ಮೂಲೆಯಲ್ಲಿ ಜೀವಂತ ತುಣುಕು ಬೆಳೆಯುತ್ತಿರಬಹುದು. ಆಗ ಅಳತೆಯ ಅಂಕಿ ನಮಗೆ ಸುಳ್ಳು ಸಮಾಧಾನವನ್ನು ಹೇಳುತ್ತದೆ. ಆದುದರಿಂದ ಇಂಥ ಚಿಕಿತ್ಸೆಯ ಫಲವನ್ನು ಗಾತ್ರವೊಂದರಿಂದಲೇ ಅಳೆಯುವುದು ಸಲ್ಲದು.

ಹಾಗಾದರೆ ಯಾವುದರಿಂದ ಅಳೆಯಬೇಕು? ರಕ್ತಸಂಚಾರದಿಂದ. ಇದಕ್ಕೆ ಆಧಾರವಾದ ವಿಚಾರವನ್ನು ೧೯೭೧ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಮಂಡಿಸಿದನು. ತನಗೆಂದೇ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳದೆ ಗಡ್ಡೆಯೊಂದು ಒಂದೆರಡು ಮಿಲಿಮೀಟರುಗಳಿಗಿಂತ ಹೆಚ್ಚು ಬೆಳೆಯಲಾರದು ಎಂಬುದು ಅವನ ವಾದದ ತಿರುಳು. ಬೇರಿಲ್ಲದೆ ಗಿಡವಿಲ್ಲವೆಂಬಂತೆ, ರಕ್ತವಿಲ್ಲದೆ ಗಡ್ಡೆಯಿಲ್ಲ. ಸತ್ತ ಮಾಂಸದಲ್ಲಿ ರಕ್ತ ಹರಿಯುವುದಿಲ್ಲ. ಜೀವಂತ ಗಡ್ಡೆಯಲ್ಲಿ ಹರಿಯಲೇಬೇಕು. ಯಕೃತ್ತಿನ ತಜ್ಞರು ೨೦೦೦ದಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಯೋಚಿಸಿದಾಗ ಈ ತತ್ತ್ವಕ್ಕೇ ಮನ್ನಣೆ ಕೊಟ್ಟರು. ೨೦೧೦ರಲ್ಲಿ ಪ್ರಕಟವಾದ ಪರಿಷ್ಕೃತ ಅಳತೆಯ ನಿಯಮಗಳು, ಇಡೀ ಕಲೆಯನ್ನು ಬಿಟ್ಟು, ಧಮನಿಯ ರಕ್ತವನ್ನು ಪಡೆಯುತ್ತಿರುವ ಭಾಗವನ್ನು ಮಾತ್ರವೇ ಅಳೆಯಬೇಕೆಂದು ವಿಧಿಸಿದವು.

ಸಾಮಾನ್ಯ ಅಲ್ಟ್ರಾಸೌಂಡ್ ಯಂತ್ರವು, ನಮ್ಮ ಜನ ‘ಸ್ಕ್ಯಾನಿಂಗ್’ ಎಂದು ಕರೆಯುವ ಆ ಪರೀಕ್ಷೆ, ಈ ರಕ್ತಸಂಚಾರವನ್ನು ತೋರಿಸಲಾರದೆ? ದೊಡ್ಡ ನಾಳಗಳಲ್ಲಿ ವೇಗವಾಗಿ ಹರಿಯುವ ರಕ್ತವನ್ನು ಡಾಪ್ಲರ್ ವಿಧಾನದಿಂದ ಅದು ತೋರಿಸಬಲ್ಲದು. ಆದರೆ ಕೂದಲಿಗಿಂತ ತೆಳುವಾದ ಲೋಮನಾಳಗಳಲ್ಲಿ ಮೆಲ್ಲನೆ ತೆವಳುವ ರಕ್ತ ಅದಕ್ಕೆ ಕಾಣಿಸದು. ಕೆಂಪು ರಕ್ತಕಣಗಳಿಂದ ಹಿಂದಿರುಗುವ ಪ್ರತಿಧ್ವನಿ ಅಷ್ಟು ಕ್ಷೀಣವಾದುದು. ಈ ಕೊರತೆಯನ್ನು ತುಂಬಲು ಬಂದದ್ದೇ ಗುಳ್ಳೆಗಳ ಉಪಾಯ.

ಗುಳ್ಳೆಗೂ ಧ್ವನಿಗೂ ಇರುವ ನಂಟು ಹೊಸದೇನಲ್ಲ. ಕೊಡಕ್ಕೆ ನೀರು ತುಂಬುವಾಗ ಆಗುವ ಗುಳುಗುಳು ಸದ್ದನ್ನು ನೀವು ಕೇಳಿಯೇ ಇದ್ದೀರಿ. ಬೆಟ್ಟದ ತೊರೆಯ ಕಲರವವೂ ಅದೇ. ಈ ಸದ್ದು ಬಹುಮಟ್ಟಿಗೆ ನೀರಿನೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಹಿಗ್ಗಿ ಕುಗ್ಗುವುದರಿಂದ ಹುಟ್ಟುತ್ತದೆ. ೧೯೩೩ರಲ್ಲಿ ಮಾರ್ಸೆಲ್ ಮಿನ್ನಾರ್ಟ್ ಎಂಬ ವಿಜ್ಞಾನಿ ಇದಕ್ಕೊಂದು ಸರಳ ಸೂತ್ರವನ್ನು ಕೊಟ್ಟನು. ಗುಳ್ಳೆಯ ತ್ರಿಜ್ಯವನ್ನು ಮೀಟರುಗಳಲ್ಲಿಯೂ ಅದು ಹಾಡುವ ಸ್ವರದ ಆವೃತ್ತಿಯನ್ನು ಹರ್ಟ್ಸ್‌ಗಳಲ್ಲಿಯೂ ಬರೆದು ಗುಣಿಸಿದರೆ, ನೀರಿನಲ್ಲಿ ಆ ಗುಣಲಬ್ಧ ಸುಮಾರು ೩.೩ ಆಗಿರುತ್ತದೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ೧.೫ ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು ೨,೨೦೦ ಸಲ ಕಂಪಿಸುತ್ತದೆ. ಇದು ನಮ್ಮ ಕಿವಿಗೆ ಕೇಳುವ ಸ್ವರ. ಅದೇ ಗುಳ್ಳೆಯನ್ನು ಸಾವಿರ ಪಟ್ಟು ಚಿಕ್ಕದು ಮಾಡಿ, ತ್ರಿಜ್ಯವನ್ನು ೧.೫ ಮೈಕ್ರೋಮೀಟರಿಗೆ ಇಳಿಸಿದರೆ ಆವೃತ್ತಿ ಸಾವಿರ ಪಟ್ಟು ಏರಿ ಸೆಕೆಂಡಿಗೆ ೨೨ ಲಕ್ಷವಾಗುತ್ತದೆ. ಹೊಟ್ಟೆಯ ಭಾಗವನ್ನು ನೋಡಲು ವೈದ್ಯರು ಬಳಸುವ ಅಲ್ಟ್ರಾಸೌಂಡಿನ ಆವೃತ್ತಿ ೨೦ ಲಕ್ಷದಿಂದ ೫೦ ಲಕ್ಷ ಹರ್ಟ್ಸ್. ಮೂರು ಮೈಕ್ರೋಮೀಟರ್ ವ್ಯಾಸದ ಗುಳ್ಳೆಯು ಏಳೆಂಟು ಮೈಕ್ರೋಮೀಟರ್ ಅಗಲದ ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಎಂದರೆ, ಅತ್ಯಂತ ಕಿರಿದಾದ ನಾಳದಲ್ಲಿಯೂ ಹಾದುಹೋಗಬಲ್ಲ ಗುಳ್ಳೆಯೇ ವೈದ್ಯನ ಯಂತ್ರದ ಸ್ವರಕ್ಕೆ ಓಗೊಡುವ ಗುಳ್ಳೆಯೂ ಆಗಿದೆ. ನಿಸರ್ಗದ ಇಂಥ ಹೊಂದಾಣಿಕೆಗಳು ವಿಜ್ಞಾನಿಗಳ ಪಾಲಿಗೆ ವರದಾನಗಳು.

ರಕ್ತದಲ್ಲಿನ ಗುಳ್ಳೆಗಳು ಅಲ್ಟ್ರಾಸೌಂಡಿನಲ್ಲಿ ಎದ್ದುಕಾಣುವುವೆಂಬ ವಿಷಯ ೧೯೬೮ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಚೆಸ್ಟರ್ ನಗರದಲ್ಲಿ ರೇಮಂಡ್ ಗ್ರೇಮಿಯಾಕ್ ಮತ್ತು ಪ್ರವೀಣ್ ಷಾ ಎಂಬ ವೈದ್ಯರು ಹೃದಯದ ಬಳಿಯ ಮಹಾಧಮನಿಯೊಳಕ್ಕೆ ಬಣ್ಣದ ದ್ರವವನ್ನು ಚುಚ್ಚುವಾಗ, ಪ್ರತಿಧ್ವನಿಗಳು ಮೋಡದಂತೆ ದಟ್ಟೈಸುವುದನ್ನು ಕಂಡರು. ಅದಕ್ಕೆ ಕಾರಣ ದ್ರವದೊಡನೆ ಒಳಹೊಕ್ಕ ಸಣ್ಣ ಗುಳ್ಳೆಗಳೆಂದು ಬಳಿಕ ತಿಳಿಯಿತು. ಆದರೆ ಬರಿಯ ಗಾಳಿಯ ಗುಳ್ಳೆಗಳು ರಕ್ತದಲ್ಲಿ ಬಹುಬೇಗ ಕರಗಿಹೋಗುತ್ತವೆ. ಆದುದರಿಂದ ರಕ್ತದಲ್ಲಿ ಸುಲಭವಾಗಿ ಕರಗದ ಸಲ್ಫರ್ ಹೆಕ್ಸಾಫ್ಲೋರೈಡ್‌ನಂತಹ ಭಾರವಾದ ಅನಿಲವನ್ನು ಆರಿಸಿ, ಅದರ ಸುತ್ತ ಕೊಬ್ಬಿನ ಜಾತಿಯ ಫಾಸ್ಫೋಲಿಪಿಡ್ ಎಂಬ ವಸ್ತುವಿನ ತೆಳುಪೊರೆಯನ್ನು ಹೊದಿಸುವ ಕ್ರಮ ಬಳಕೆಗೆ ಬಂದಿತು. ವಿದ್ಯುತ್ ಉಪಕೇಂದ್ರಗಳ ದೊಡ್ಡ ಸ್ವಿಚ್ಚುಗಳಲ್ಲಿ ಕಿಡಿಯನ್ನು ನಂದಿಸಲು ತುಂಬುವ ಅನಿಲವೂ ಇದೇ ಎಂದರೆ ಕೆಲವರಿಗೆ ಆಶ್ಚರ್ಯವಾದೀತು.

ಹೀಗೆ ಗುಳ್ಳೆಗಳು ರಕ್ತದಲ್ಲಿ ತೇಲುತ್ತಿರುವಾಗ, ಸುತ್ತಲಿನ ಮಾಂಸದ ಪ್ರತಿಧ್ವನಿಯಿಂದ ಅವುಗಳ ಪ್ರತಿಧ್ವನಿಯನ್ನು ಬೇರ್ಪಡಿಸುವುದೆಂತು? ಇಲ್ಲಿನ ಜಾಣ್ಮೆ ಹೈಸ್ಕೂಲಿನ ಗಣಿತಕ್ಕೆ ನಿಲುಕುವಂತಹುದು. ಯಂತ್ರವು ಒಂದರ ಹಿಂದೆ ಒಂದರಂತೆ ಎರಡು ಧ್ವನಿಸ್ಪಂದನಗಳನ್ನು ಕಳಿಸುತ್ತದೆ. ಎರಡನೆಯದು ಮೊದಲನೆಯದರ ತದ್ವಿರುದ್ಧ ರೂಪ. ಮೊದಲನೆಯದರಲ್ಲಿ ಉಬ್ಬಿದ್ದಲ್ಲಿ ಇದರಲ್ಲಿ ತಗ್ಗು. ಮಾಂಸವು ಎರಡಕ್ಕೂ ಒಂದೇ ಪ್ರಮಾಣದಲ್ಲಿ ಓಗೊಡುವುದರಿಂದ ಹಿಂದಿರುಗಿದ ಎರಡು ಪ್ರತಿಧ್ವನಿಗಳನ್ನು ಕೂಡಿಸಿದರೆ ಮೊತ್ತ ಶೂನ್ಯವಾಗುತ್ತದೆ. ಗುಳ್ಳೆಯ ಸ್ವಭಾವ ಬೇರೆ. ಒತ್ತಡ ಬಿದ್ದಾಗ ಅದು ಕುಗ್ಗುವಷ್ಟೇ ಪ್ರಮಾಣದಲ್ಲಿ ಒತ್ತಡ ತಗ್ಗಿದಾಗ ಹಿಗ್ಗುವುದಿಲ್ಲ. ಆದುದರಿಂದ ಅದರ ಎರಡು ಪ್ರತಿಧ್ವನಿಗಳು ಒಂದನ್ನೊಂದು ಅಳಿಸಿಹಾಕಲಾರವು. ಕೂಡಿಸಿದ ಮೇಲೂ ಒಂದಿಷ್ಟು ಶೇಷ ಉಳಿಯುತ್ತದೆ. ಆ ಶೇಷವೇ ತೆರೆಯ ಮೇಲೆ ಬೆಳಕಾಗಿ ಮೂಡುತ್ತದೆ. ರಕ್ತ ಹರಿಯುವ ಕಡೆ ಬೆಳಕು, ಹರಿಯದ ಕಡೆ ಕತ್ತಲು. ಧ್ವನಿಯ ಬಲ ಹೆಚ್ಚಾದರೆ ಗುಳ್ಳೆಗಳು ಒಡೆದುಹೋಗುವುದರಿಂದ ಅದನ್ನು ಬಹಳ ತಗ್ಗಿಸಿಯೇ ಪರೀಕ್ಷೆ ನಡೆಸುತ್ತಾರೆ.

ಪರೀಕ್ಷೆಯ ಕ್ರಮವೂ ಸರಳವೇ. ತೋಳಿನ ಅಭಿಧಮನಿಯೊಳಕ್ಕೆ ಒಂದೆರಡು ಮಿಲಿಲೀಟರ್ ಗುಳ್ಳೆಯ ದ್ರವವನ್ನು ಚುಚ್ಚಿ, ಅದರ ಹಿಂದೆಯೇ ಸ್ವಲ್ಪ ಲವಣಜಲವನ್ನು ಹರಿಸುತ್ತಾರೆ. ಒಡನೆಯೇ ಗಡಿಯಾರವನ್ನು ಚಾಲೂ ಮಾಡುತ್ತಾರೆ. ಯಕೃತ್ತಿಗೆ ರಕ್ತವು ಎರಡು ದಾರಿಗಳಿಂದ ಬರುತ್ತದೆ: ಸುಮಾರು ಕಾಲುಭಾಗ ಧಮನಿಯಿಂದ, ಮಿಕ್ಕ ಮುಕ್ಕಾಲು ಭಾಗ ಕರುಳಿನ ಕಡೆಯಿಂದ ಬರುವ ದ್ವಾರಸಿರೆಯಿಂದ. ಯಕೃತ್ತಿನಲ್ಲಿಯೇ ಹುಟ್ಟಿದ ಕ್ಯಾನ್ಸರ್ ಗಡ್ಡೆಯಾದರೋ ಬಹುಪಾಲು ಧಮನಿಯ ರಕ್ತವನ್ನೇ ಕುಡಿದು ಬದುಕುತ್ತದೆ. ಚುಚ್ಚಿದ ೧೦ರಿಂದ ೨೦ ಸೆಕೆಂಡುಗಳಲ್ಲಿ ಗುಳ್ಳೆಗಳು ಧಮನಿಯ ಮೂಲಕ ಬಂದು ಸೇರುತ್ತವೆ. ಜೀವಂತ ಗಡ್ಡೆಯ ತುಣುಕು ಉಳಿದಿದ್ದರೆ ಅದು ಸುತ್ತಲಿನ ಯಕೃತ್ತಿಗಿಂತ ಮೊದಲೇ ಹೊಳೆದೇಳುತ್ತದೆ. ಅರ್ಧ ಮುಕ್ಕಾಲು ನಿಮಿಷದ ಹೊತ್ತಿಗೆ ದ್ವಾರಸಿರೆಯ ರಕ್ತ ಬಂದು ಇಡೀ ಯಕೃತ್ತು ಬೆಳಗುತ್ತದೆ. ಮುಂದಿನ ನಾಲ್ಕಾರು ನಿಮಿಷಗಳಲ್ಲಿ ಗಡ್ಡೆಯ ತುಣುಕಿನ ಹೊಳಪು ಮೆಲ್ಲಮೆಲ್ಲನೆ ಆರುತ್ತದೆ. ಪೂರ್ಣವಾಗಿ ಸುಟ್ಟ ಭಾಗವು ಮಾತ್ರ ಆರಂಭದಿಂದ ಕೊನೆಯವರೆಗೂ ಕಪ್ಪು ಕುಳಿಯಂತೆ ಕತ್ತಲಾಗಿಯೇ ಇರುತ್ತದೆ. ಆ ಕತ್ತಲನ್ನು ಕಂಡಾಗ ವೈದ್ಯನಿಗೆ ಸಂತೋಷ!

ಇದರಲ್ಲಿ ಅಪಾಯವಿಲ್ಲವೆ ಎಂಬ ಶಂಕೆ ಸಹಜ. ರಕ್ತದಲ್ಲಿ ಗಾಳಿ ಸೇರಿದರೆ ಪ್ರಾಣಾಪಾಯವೆಂದು ನಾವೆಲ್ಲ ಕೇಳಿದ್ದೇವೆ. ಆದರೆ ಇಲ್ಲಿ ಒಳಹೊಗುವ ಅನಿಲದ ಪ್ರಮಾಣ ಮಿಲಿಲೀಟರಿನ ನೂರನೆಯ ಭಾಗದ ಆಸುಪಾಸಿನದು. ಗುಳ್ಳೆಗಳು ನಾಳವನ್ನು ಅಡ್ಡಗಟ್ಟದಷ್ಟು ಚಿಕ್ಕವು. ಅನಿಲದ ೮೦ ಪಾಲಿಗಿಂತ ಹೆಚ್ಚಿನದು ಎರಡು ನಿಮಿಷಗಳೊಳಗೆ ಉಸಿರಿನೊಡನೆ ಹೊರಬೀಳುತ್ತದೆ. ಮೂತ್ರಪಿಂಡಕ್ಕೆ ಇದರಿಂದ ಯಾವ ಹೊರೆಯೂ ಇಲ್ಲವಾದುದರಿಂದ, ಸಿ.ಟಿ. ಪರೀಕ್ಷೆಯ ಅಯೊಡಿನ್ ದ್ರವ್ಯವನ್ನು ತಾಳಲಾರದ ಮೂತ್ರಪಿಂಡ ರೋಗಿಗಳಿಗೂ ಇದನ್ನು ಕೊಡಬಹುದು. ಕ್ಷ-ಕಿರಣಗಳ ಸೋಂಕಿಲ್ಲ. ತೀವ್ರವಾದ ಅಲರ್ಜಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣಿಸಿಕೊಳ್ಳಬಹುದಾದುದರಿಂದ ಅದಕ್ಕೆ ತಕ್ಕ ಔಷಧಗಳನ್ನು ಕೈಯಳವಿನಲ್ಲಿ ಇಟ್ಟುಕೊಂಡೇ ಪರೀಕ್ಷೆ ನಡೆಸಬೇಕು. ಹೃದ್ರೋಗ ಉಲ್ಬಣಿಸಿರುವವರಲ್ಲಿ ವಿಶೇಷ ಎಚ್ಚರ ಬೇಕು.

ಇನ್ನು ನಮ್ಮ ಜಿಲ್ಲೆಯ ಕಡೆಗೆ ತಿರುಗೋಣ. ೧೯೯೭ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆಯಲ್ಲಿ ೨೦೧೧ರ ಜನಗಣತಿಯ ಪ್ರಕಾರ ಸುಮಾರು ೧೦.೨ ಲಕ್ಷ ಜನರಿದ್ದರು. ಕ್ಯಾನ್ಸರಿನ ಚಿಕಿತ್ಸೆಗೆಂದು ಇಲ್ಲಿನ ಜನ ಮೈಸೂರಿಗೋ, ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವುದು ರೂಢಿ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು ೬೦ ಕಿಲೋಮೀಟರ್, ಬೆಂಗಳೂರು ಸುಮಾರು ೨೦೦ ಕಿಲೋಮೀಟರ್. ರೈಲುಹಾದಿ ಚಾಮರಾಜನಗರದಲ್ಲಿಯೇ ಕೊನೆಗೊಳ್ಳುವುದರಿಂದ ಗುಂಡ್ಲುಪೇಟೆಯವರಿಗೆ ಬಸ್ಸೇ ಗತಿ.

ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಅರಿಸಿನದ ಬೆಳೆಗಾರನನ್ನು ಊಹಿಸಿಕೊಳ್ಳಿ. ಅವನ ಯಕೃತ್ತಿನ ಗಡ್ಡೆಯನ್ನು ಬೆಂಗಳೂರಿನಲ್ಲಿ ಸುಟ್ಟಿದ್ದಾರೆ. ಒಂದು ತಿಂಗಳಿಗೆ ಬಾ, ಆಮೇಲೆ ಮೂರು ಮೂರು ತಿಂಗಳಿಗೊಮ್ಮೆ ಬಾ ಎಂದು ಹೇಳಿ ಕಳಿಸಿದ್ದಾರೆ. ಮೊದಲ ಸಲ ಅವನು ತಪ್ಪದೆ ಹೋಗುತ್ತಾನೆ. ನೋವಿಲ್ಲ, ಊಟ ಸೇರುತ್ತದೆ, ಮೈಯಲ್ಲಿ ಕಸುವು ಬಂದಿದೆ. ಎರಡನೆಯ ಸಲದ ಹೊತ್ತಿಗೆ ಅರಿಸಿನ ಕೀಳುವ ಕಾಲ ಬಂದಿರುತ್ತದೆ, ಕೂಲಿಯಾಳುಗಳನ್ನು ಗೊತ್ತುಮಾಡಿದ್ದಾಗಿದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಂತಹ ಯೋಜನೆಗಳು ಚಿಕಿತ್ಸೆಯ ಭಾರವನ್ನು ಇಳಿಸಬಲ್ಲವು. ಆದರೆ ಜೊತೆಗೆ ಬರುವ ಮಗನ ಎರಡು ದಿನದ ದುಡಿಮೆಯನ್ನು ಯಾವ ಯೋಜನೆ ತುಂಬಿಕೊಟ್ಟೀತು? “ಇನ್ನೊಂದು ತಿಂಗಳು ಕಳೆಯಲಿ” ಎಂದುಕೊಳ್ಳುತ್ತಾನೆ. ಆ ಇನ್ನೊಂದು ತಿಂಗಳು ಆರು ತಿಂಗಳಾಗುತ್ತದೆ. ಅಷ್ಟರಲ್ಲಿ, ಮತ್ತೊಂದು ಸೂಜಿಯಿಂದ ಮುಗಿಯಬಹುದಾಗಿದ್ದ ತುಣುಕು ಮುಷ್ಟಿಗಾತ್ರದ ಗಡ್ಡೆಯಾಗಿ ಬೆಳೆದಿರಬಹುದು. ಇಲ್ಲಿ ತಪ್ಪು ಯಾರದು? ರೋಗಿಯ ಅಜ್ಞಾನವನ್ನು ಹಳಿದು ಕೈತೊಳೆದುಕೊಳ್ಳುವುದು ಸುಲಭ, ನ್ಯಾಯವಲ್ಲ. ತನಗೆ ಹಿತವಾಗಿರುವಾಗ ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ಬರಬೇಕೆಂದು ಬಡವನನ್ನು ಕೇಳುವ ವ್ಯವಸ್ಥೆಯಲ್ಲಿಯೇ ದೋಷವಿದೆ.

ಈ ದೋಷವನ್ನು ಪೂರ್ತಿಯಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ತಿದ್ದಲು ಸಾಧ್ಯವಿದೆ. ಚಾಮರಾಜನಗರದಲ್ಲಿ ೨೦೧೬ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಯುತ್ತಿದೆ. ಅದರ ೪೫೦ ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ೨೦೨೧ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಇರಬೇಕೆಂಬುದರ ಅರ್ಥ ಜಿಲ್ಲೆಯ ಹುಡುಗರು ಅಲ್ಲಿ ಓದಲಿ ಎಂಬುದಷ್ಟೇ ಅಲ್ಲ. ದೂರದ ಊರಿಗೆ ಹೋಗದೆ ತೀರಬಹುದಾದ ಕೆಲಸಗಳು ಅಲ್ಲಿಯೇ ತೀರಲಿ ಎಂಬುದೂ ಹೌದು. ಗಡ್ಡೆಯನ್ನು ಸುಡುವ ಕೆಲಸಕ್ಕೆ ದೊಡ್ಡ ಕೇಂದ್ರವೇ ಬೇಕಾಗಬಹುದು. ಸುಟ್ಟ ಜಾಗದಲ್ಲಿ ರಕ್ತ ಹರಿಯುತ್ತಿದೆಯೆ ಎಂದು ನಡುನಡುವೆ ನೋಡುವ ಕೆಲಸಕ್ಕೆ ಹಾಗಿಲ್ಲ. ಅದಕ್ಕೆ ಬೇಕಾದುದು ಗುಳ್ಳೆಗಳನ್ನು ತೋರಿಸಬಲ್ಲ ಸೌಲಭ್ಯವುಳ್ಳ ಒಂದು ಅಲ್ಟ್ರಾಸೌಂಡ್ ಯಂತ್ರ, ಗುಳ್ಳೆಯ ದ್ರವ, ತರಬೇತಿ ಪಡೆದ ಒಬ್ಬ ವೈದ್ಯ, ಮತ್ತು ಅರ್ಧ ಗಂಟೆಯ ಕಾಲ. ವಾರದಲ್ಲಿ ಒಂದು ದಿನವನ್ನು ಇದಕ್ಕೆಂದು ಗೊತ್ತುಮಾಡಿದರೆ ಗುಂಡ್ಲುಪೇಟೆಯ ರೋಗಿ ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು.

ಈ ಸಲಹೆಗೆ ಆಕ್ಷೇಪಣೆಗಳು ಬರುವುವು. ಅವುಗಳನ್ನು ಕಡೆಗಣಿಸುವಂತಿಲ್ಲ.

ಮೊದಲನೆಯದಾಗಿ, ಸಿ.ಟಿ. ಮತ್ತು ಎಂ.ಆರ್.ಐ. ಪರೀಕ್ಷೆಗಳು ಇರುವಾಗ ಇದೇಕೆ ಎನ್ನಬಹುದು. ಇದು ಅವುಗಳ ಸ್ಥಾನವನ್ನು ಕಸಿದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಗುಳ್ಳೆಗಳ ಪರೀಕ್ಷೆಯು ಒಂದು ಸಲಕ್ಕೆ ಒಂದೇ ಜಾಗವನ್ನು ಚೆನ್ನಾಗಿ ನೋಡಬಲ್ಲದು. ಯಕೃತ್ತಿನ ಬೇರೊಂದು ಮೂಲೆಯಲ್ಲಿ ಹೊಸ ಗಡ್ಡೆ ಹುಟ್ಟಿದ್ದರೆ ಅದು ತಪ್ಪಿಹೋಗಬಹುದು. ಇಡೀ ಅಂಗವನ್ನು ನೋಡಲು ಸಿ.ಟಿ. ಅಥವಾ ಎಂ.ಆರ್.ಐ. ಬೇಕೇ ಬೇಕು. ಆದರೆ ಧಮನಿಯನ್ನು ಮುಚ್ಚುವ ಚಿಕಿತ್ಸೆಯಲ್ಲಿ ಬಳಸುವ ಅಯೊಡಿನ್‌ಯುಕ್ತ ಎಣ್ಣೆಯು ಸಿ.ಟಿ. ಚಿತ್ರದಲ್ಲಿ ಬೆಳ್ಳಗೆ ಹೊಳೆದು, ಉಳಿದ ಗಡ್ಡೆಯನ್ನು ಮರೆಮಾಡುವುದುಂಟು. ಅಂಥಲ್ಲಿ ಗುಳ್ಳೆಗಳೇ ಸ್ಪಷ್ಟವಾದ ಉತ್ತರ ಕೊಡುತ್ತವೆ. ಎರಡೂ ಒಂದಕ್ಕೊಂದು ಪೂರಕ.

ಎರಡನೆಯದಾಗಿ, ಇದು ನೋಡುವವನ ಕೈಚಳಕವನ್ನೂ ಕಣ್ಣಿನ ಅಭ್ಯಾಸವನ್ನೂ ಅವಲಂಬಿಸಿದೆ. ಇದು ನಿಜ. ಮೈಮೇಲೆ ಸುಟ್ಟ ಗಾಯವಾದರೆ ಅದರ ಸುತ್ತ ಕೆಂಪು ಅಂಚು ಮೂಡುವಂತೆ, ಸುಟ್ಟ ಗಡ್ಡೆಯ ಸುತ್ತಲೂ ಮೊದಲ ಕೆಲವು ವಾರ ರಕ್ತ ಹೆಚ್ಚಾಗಿ ಹರಿಯುವ ತೆಳುವಾದ ಬಳೆಯೊಂದು ಕಾಣುತ್ತದೆ. ಅನುಭವವಿಲ್ಲದವನು ಅದನ್ನೇ ಉಳಿದ ಕ್ಯಾನ್ಸರೆಂದು ಭ್ರಮಿಸಬಹುದು. ಬಳೆಯು ಸುತ್ತಲೂ ಸಮನಾಗಿದ್ದರೆ ಅದು ಗಾಯ ಮಾಯುವ ಲಕ್ಷಣ. ಒಂದೆಡೆ ಗಂಟಿನಂತೆ ದಪ್ಪಗಾಗಿ ಮೊದಲು ಹೊಳೆದು ಬಳಿಕ ಮಸುಕಾದರೆ ಅದು ಸಂದೇಹಾಸ್ಪದ. ಈ ವಿವೇಚನೆ ಪುಸ್ತಕದಿಂದ ಬರುವುದಿಲ್ಲ. ಆದರೆ ಪರೀಕ್ಷೆಯ ಐದಾರು ನಿಮಿಷಗಳ ಚಲನಚಿತ್ರವನ್ನು ಪೂರ್ತಿಯಾಗಿ ದಾಖಲಿಸಿಡಬಹುದಾದುದರಿಂದ, ಚಿಕಿತ್ಸೆ ಮಾಡಿದ ಕೇಂದ್ರದ ತಜ್ಞರು ಬೆಂಗಳೂರಿನಲ್ಲಿಯೇ ಕುಳಿತು ಅದನ್ನು ಮತ್ತೊಮ್ಮೆ ನೋಡಬಹುದು. ರೋಗಿಯು ಪ್ರಯಾಣ ಮಾಡುವ ಬದಲು ಚಿತ್ರವು ಪ್ರಯಾಣ ಮಾಡಲಿ! ಅಮೆರಿಕದ ವಿಕಿರಣವೈದ್ಯರ ಕಾಲೇಜು ೨೦೨೪ರಲ್ಲಿ ಇಂಥ ಚಿತ್ರಗಳನ್ನು ಓದಲು ನಿಯಮಗಳನ್ನು ರೂಪಿಸಿತು. ಅದರಲ್ಲಿ ‘ಜೀವಂತ’, ‘ನಿರ್ಜೀವ’ ಎಂಬುವುಗಳ ನಡುವೆ ‘ಸಂದಿಗ್ಧ’ ಎಂಬ ವರ್ಗವೂ ಇರುವುದು ಗಮನಾರ್ಹ. ತಿಳಿಯದಿದ್ದಾಗ ತಿಳಿಯದೆಂದು ಬರೆದು ಮುಂದಿನ ಪರೀಕ್ಷೆಗೆ ಕಳಿಸುವುದು ವೈದ್ಯನ ದೌರ್ಬಲ್ಯವಲ್ಲ, ವಿಜ್ಞಾನದ ಪ್ರಾಮಾಣಿಕತೆ.

ಮೂರನೆಯದಾಗಿ, ಒಂದು ಜಿಲ್ಲೆಯಲ್ಲಿ ಇಂಥ ರೋಗಿಗಳು ಎಷ್ಟು ಮಂದಿ ಇದ್ದಾರು, ಅವರಿಗಾಗಿ ಇಷ್ಟು ವೆಚ್ಚವೆ ಎಂದು ಲೆಕ್ಕಾಚಾರದವರು ಕೇಳಿಯಾರು. ಯಕೃತ್ತಿನ ಗಡ್ಡೆಯನ್ನು ಸುಡಿಸಿಕೊಂಡವರಷ್ಟೇ ಆದರೆ ಸಂಖ್ಯೆ ದೊಡ್ಡದಾಗದು. ಆದರೆ ಅದೇ ಯಂತ್ರ, ಅದೇ ದ್ರವ, ಅದೇ ಕೌಶಲ ಬೇರೆ ಕೆಲಸಗಳಿಗೂ ಒದಗುತ್ತವೆ. ಯಕೃತ್ತಿನಲ್ಲಿ ಅಕಸ್ಮಾತ್ತಾಗಿ ಕಂಡ ಗಂಟು ನಿರುಪದ್ರವಿಯೋ ಅಲ್ಲವೋ ಎಂದು ತಿಳಿಯಲು, ಮೂತ್ರಪಿಂಡದ ನೀರ್ಗುಳ್ಳೆಯ ಗೋಡೆಯಲ್ಲಿ ರಕ್ತವಿದೆಯೆ ಎಂದು ನೋಡಲು, ಹೆದ್ದಾರಿಯ ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದವನ ಗುಲ್ಮ ಸೀಳಿದೆಯೆ ಎಂದು ಪರೀಕ್ಷಿಸಲು ಇದು ನೆರವಾಗುತ್ತದೆ. ಮಕ್ಕಳ ಯಕೃತ್ತಿನ ಪರೀಕ್ಷೆಗೂ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೬ರಲ್ಲಿಯೇ ಸಮ್ಮತಿಸಿದೆ. ಒಬ್ಬರಿಗಾಗಿ ತೋಡಿದ ಬಾವಿಯಲ್ಲಿ ಊರೇ ನೀರು ಸೇದಬಹುದು.

ನಾಲ್ಕನೆಯ ಮಾತು ಕಾನೂನಿನದು. ಹೆಣ್ಣು ಭ್ರೂಣಗಳ ಹತ್ಯೆಯನ್ನು ತಡೆಯಲು ೧೯೯೪ರಲ್ಲಿ ಆದ ಕಾಯಿದೆಯ ಪ್ರಕಾರ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು. ಅದನ್ನು ಮನಬಂದಂತೆ ಊರೂರಿಗೆ ಹೊತ್ತೊಯ್ಯುವಂತಿಲ್ಲ. ಈ ನಿರ್ಬಂಧ ಸಮಂಜಸವಾದುದೇ. ಆದುದರಿಂದ ಈ ಪರೀಕ್ಷೆಯನ್ನು ಶಿಬಿರಗಳಲ್ಲಿ ನಡೆಸುವ ಆಲೋಚನೆಗಿಂತ, ಜಿಲ್ಲೆಯ ಆಸ್ಪತ್ರೆಯ ನೋಂದಾಯಿತ ಕೊಠಡಿಯಲ್ಲಿಯೇ ನೆಲೆಗೊಳಿಸುವುದು ಯೋಗ್ಯ. ಹಾಗೆ ಮಾಡಿದರೆ ಔಷಧ, ತುರ್ತು ಚಿಕಿತ್ಸೆ, ದಾಖಲೆ ಎ‌ಲ್ಲವೂ ಒಂದೆಡೆ ದೊರೆಯುತ್ತವೆ.

ಇಷ್ಟು ಹೇಳಿದ ಮೇಲೆ ಈ ವಿಧಾನದ ಮಿತಿಯನ್ನೂ ಹೇಳದಿದ್ದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. ಧ್ವನಿಯು ಅನಿಲವನ್ನೂ ಎಲುಬನ್ನೂ ದಾಟಿಹೋಗಲಾರದು. ಶ್ವಾಸಕೋಶದ ಒಳಗಿನ ಗಡ್ಡೆ, ಉಬ್ಬಿದ ಕರುಳಿನ ಹಿಂದಿನ ಗಡ್ಡೆ, ಸ್ಥೂಲಕಾಯರಲ್ಲಿ ಆಳದಲ್ಲಿರುವ ಗಡ್ಡೆ ಇದಕ್ಕೆ ಸಿಕ್ಕುವುದಿಲ್ಲ. ಸಾಮಾನ್ಯ ಸ್ಕ್ಯಾನಿಂಗಿನಲ್ಲಿಯೇ ಸರಿಯಾಗಿ ಕಾಣದ ಜಾಗವನ್ನು ಗುಳ್ಳೆಗಳಿಂದ ನೋಡಿ “ಏನೂ ಇಲ್ಲ” ಎನ್ನುವುದು ಅಪಾಯಕರ. ಇನ್ನೂ ಮುಖ್ಯವಾದ ಮಾತೆಂದರೆ, ನಮ್ಮ ಹಳ್ಳಿಗಳ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಸ್ತನದ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ, ಎಲೆ-ಅಡಿಕೆ-ಹೊಗೆಸೊಪ್ಪು ಜಗಿಯುವವರ ಬಾಯಿಯ ಕ್ಯಾನ್ಸರಿನಲ್ಲಿ, ಚಿಕಿತ್ಸೆಯ ನಂತರದ ಪರಿಶೀಲನೆಗೆ ಇದು ರೂಢಿಯ ಮಾರ್ಗವಲ್ಲ. ಅಲ್ಲಿ ವೈದ್ಯನ ಕಣ್ಣು, ಬೆರಳು, ಕೋಶಪರೀಕ್ಷೆ ಹಾಗೂ ಇತರ ಚಿತ್ರಣಗಳೇ ಮುಖ್ಯ. ಕಣದ ಮೇಲೆ ಕಂಡುಬರುವ ಈ ಬೆಳಕು ನೇರವಾಗಿ ಕ್ಯಾನ್ಸರ್ ಕೋಶವನ್ನು ತೋರಿಸುವುದೂ ಇಲ್ಲ. ಅದು ತೋರಿಸುವುದು ರಕ್ತವನ್ನು. ತನ್ನದೇ ನಾಳಗಳನ್ನು ಇನ್ನೂ ಬೆಳೆಸಿಕೊಳ್ಳದ ಅತಿ ಸೂಕ್ಷ್ಮ ಶೇಷವು ಯಾವ ಚಿತ್ರಣಕ್ಕೂ ಸಿಗದೆ ಉಳಿಯಬಹುದು. ಒಂದು ಸಲ ನೋಡಿದರೆ ಸಾಲದು, ಮತ್ತೆ ಮತ್ತೆ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ. ಮತ್ತೆ ಮತ್ತೆ ನೋಡಬೇಕಾದ ಪರೀಕ್ಷೆಯು ಮನೆಗೆ ಹತ್ತಿರವಿರಬೇಕು ಎಂಬ ನನ್ನ ವಾದಕ್ಕೂ ಇದೇ ಆಧಾರ.

ರೋಗವು ಬಾರದಂತೆ ತಡೆಯುವುದು ಎಲ್ಲಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಯಕೃತ್ತಿನ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲಿ ಒಂದಾದ ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯಿದೆ. ನಮ್ಮ ದೇಶದಲ್ಲಿ ಶಿಶುಗಳಿಗೆ ಅದನ್ನು ಉಚಿತವಾಗಿ ಕೊಡಲಾಗುತ್ತದೆ. ೨೦೧೮ರಲ್ಲಿ ವೈರಸ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಗಿದೆ. ಮದ್ಯದ ವಿಷಯದಲ್ಲಿ ಹೇಳಬೇಕಾದುದನ್ನು ಹಿರಿಯರು ಬಹಳ ಹಿಂದೆಯೇ ಹೇಳಿದ್ದಾರೆ. ಆದರೆ ತಡೆಯುವ ಮಾತು ಈಗಾಗಲೇ ರೋಗಕ್ಕೆ ತುತ್ತಾದವನನ್ನು ಮರೆಯುವುದಕ್ಕೆ ನೆಪವಾಗಕೂಡದು.

ಕೊನೆಯದಾಗಿ ವಿದ್ಯಾರ್ಥಿಮಿತ್ರರಿಗೆ ಎರಡು ಮಾತು. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಯಾರಾದರೂ ಇಂಥ ಚಿಕಿತ್ಸೆ ಪಡೆದು ಬಂದಿದ್ದರೆ, ಆಸ್ಪತ್ರೆಯ ಚೀಟಿಯನ್ನು ಓದಿ ಹೇಳುವ ಕೆಲಸ ಬಹುಶಃ ನಿಮ್ಮ ಪಾಲಿಗೇ ಬರುತ್ತದೆ. ಆಗ ಅಳತೆಯ ಅಂಕಿಯನ್ನು ಕಂಡು ಹೆದರಬೇಡಿ, ಹಿಗ್ಗಲೂ ಬೇಡಿ. “ಅಲ್ಲಿ ರಕ್ತ ಹರಿಯುತ್ತಿದೆಯೆ? ಮುಂದಿನ ಪರೀಕ್ಷೆ ಯಾವ ತಾರೀಕು?” ಎಂದು ವೈದ್ಯರನ್ನು ವಿನಯದಿಂದ ಕೇಳಿ. ಆ ತಾರೀಕನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡಿ. ಈ ಎರಡು ಪ್ರಶ್ನೆಗಳಿಗೆ ಯಾವ ಯಂತ್ರವೂ ಬೇಕಿಲ್ಲ. ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರೋ ಭೌತವಿಜ್ಞಾನಿಗಳೋ ಆಗಿ ಇದೇ ಜಿಲ್ಲೆಗೆ ಹಿಂದಿರುಗಿದರೆ, ಉತ್ತರ ಹೇಳುವ ಯಂತ್ರದ ಬಳಿ ನೀವೇ ಕುಳಿತಿರಬಹುದು.

ಲಂಟಾನವನ್ನು ಸುಟ್ಟ ರೈತನಿಗೆ ಅವನ ಬದು ಮನೆಯಿಂದ ಕೂಗಳತೆಯ ದೂರದಲ್ಲಿದೆ. ಮಳೆ ಬಿದ್ದ ಮರುದಿನವೇ ಅವನು ಹೋಗಿ ನೋಡಬಲ್ಲ. ಚಿಗುರು ಬೆರಳುದ್ದವಿರುವಾಗಲೇ ಅದನ್ನು ಕಿತ್ತುಹಾಕಬಲ್ಲ. ಬದು ಇನ್ನೂರು ಕಿಲೋಮೀಟರ್ ದೂರವಿದ್ದಿದ್ದರೆ, ಎಷ್ಟೇ ಎಚ್ಚರದವನಾದರೂ ಅವನು ಸಕಾಲಕ್ಕೆ ಹೋಗಿ ನೋಡುತ್ತಿದ್ದನೆ?